ಹಾಡುವ ಮಕ್ಕಳು, ಮುನಿಯುವ ಪ್ರೇಕ್ಷಕರು

ಒಂದು ಧಾರಾವಾಹಿಯನ್ನು ಲಕ್ಷಾಂತರ ಜನ ನೋಡಿದರೆಂಬುದು ಅದರ ಪ್ರಚಾರಕ್ಕೆ ಸಾಕ್ಷಿಯಾದೀತೇ ಹೊರತು ಅದು ಅವರ ಅಂತರಂಗವನ್ನು ಮುಟ್ಟಿತೆಂಬುದಕ್ಕೆ ಸಾಕ್ಷಿಯಾಗಲಾರದು. ನೋಡಿದವರು ಅದನ್ನು ಕುರಿತು ಆಡಿದ ಮಾತುಗಳು, ಅದರಲ್ಲಿಯೂ ಮೆಚ್ಚಿದವರೇ ಮುನಿದು ಆಡಿದ ಮಾತುಗಳು, ಈ ಎರಡನೆಯ ಸಂಗತಿಗೆ ಹೆಚ್ಚು ನಂಬತಕ್ಕ ಪ್ರಮಾಣ. 2009ರ ಮೇ 19ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಮೊದಲ ಕಂತನ್ನು ತೋರಿಸಿ, ಆರು ಸೀಸನ್‌ಗಳಲ್ಲಿ 121 ಕಂತುಗಳನ್ನು ಮುಗಿಸಿ, 2015ರ ಮಾರ್ಚ್ 20ರಂದು ಮಂಗಳ ಹಾಡಿದ ‘ಗ್ಲೀ’ ಎಂಬ ಸಂಗೀತ ಧಾರಾವಾಹಿಗೆ ಇಂತಹ ಪ್ರೇಕ್ಷಕವರ್ಗ ಲಭಿಸಿದ್ದಿತು. ಹೈಸ್ಕೂಲು ಮಕ್ಕಳ ಗಾಯನವೃಂದವೊಂದರ ಕಥೆಯನ್ನು ಅವರು ಎಷ್ಟು ಉತ್ಕಟವಾಗಿ ಪ್ರೀತಿಸಿದರೋ ಅಷ್ಟೇ ಉತ್ಕಟವಾಗಿ ಅದರೊಡನೆ ವಾದಕ್ಕೂ ನಿಂತರು. ಆ ವಾದವನ್ನು ಕೆಲವು ವಿಮರ್ಶಕರು ಹರೆಯದ ಅಭಿಮಾನಿಗಳ ಅತಿರೇಕವೆಂದು ಬದಿಗೆ ಸರಿಸಿದರು. ನನಗೆ ಹಾಗೆ ತೋರುವುದಿಲ್ಲ. ಆ ಧಾರಾವಾಹಿಯ ಗುಣದೋಷಗಳನ್ನು ಅದರ ಪ್ರೇಕ್ಷಕರಷ್ಟು ನ್ಯಾಯವಾಗಿ ತೂಗಿದವರು ವಿರಳವೆಂದೇ ನನ್ನ ನಂಬಿಕೆ.

ಕಥೆ ನಡೆಯುವುದು ಓಹಾಯೋ ರಾಜ್ಯದ ಲೈಮಾ ಎಂಬ ಊರಿನಲ್ಲಿರುವ ವಿಲಿಯಂ ಮೆಕಿನ್ಲಿ ಹೈಸ್ಕೂಲಿನಲ್ಲಿ. ಊರು ನಿಜವಾದದ್ದು, ಶಾಲೆ ಕಲ್ಪಿತವಾದದ್ದು. ಫುಟ್‌ಬಾಲ್ ಆಡುವ ಹುಡುಗರೂ, ಅವರನ್ನು ಹುರಿದುಂಬಿಸಿ ಕುಣಿಯುವ ಚಿಯರ್‌ಲೀಡರ್ ಹುಡುಗಿಯರೂ ಶಾಲೆಯ ಅರಸುಮಕ್ಕಳಂತೆ ಮೆರೆಯುತ್ತಿರಲು, ಹಾಡುವುದಕ್ಕೆಂದು ಸೇರಿದ ಬೆರಳೆಣಿಕೆಯ ಮಕ್ಕಳು ಮಾತ್ರ ಎಲ್ಲರ ಪರಿಹಾಸ್ಯಕ್ಕೆ ಪಾತ್ರರಾಗಿ, ಹಜಾರದಲ್ಲಿ ನಡೆಯುತ್ತಿರುವಾಗಲೇ ಬಣ್ಣದ ಶರಬತ್ತು ಬೆರೆಸಿದ ಪುಡಿಮಂಜನ್ನು ಮುಖಕ್ಕೆ ಎರಚಿಸಿಕೊಂಡು, ತೊಯ್ದ ಬಟ್ಟೆಯಲ್ಲಿಯೇ ತರಗತಿಗೆ ಹೋಗಬೇಕಾಗುತ್ತದೆ. ಸ್ಪ್ಯಾನಿಷ್ ಪಾಠ ಹೇಳುವ ವಿಲ್ ಶೂಸ್ಟರ್ ಎಂಬ ಅಧ್ಯಾಪಕ ಇವರನ್ನು ಒಂದುಗೂಡಿಸಿ ‘ನ್ಯೂ ಡೈರೆಕ್ಷನ್ಸ್’ ಎಂಬ ವೃಂದವನ್ನು ಕಟ್ಟುತ್ತಾನೆ. ಚಿಯರ್‌ಲೀಡರುಗಳ ತರಬೇತುಗಾರ್ತಿ ಸೂ ಸಿಲ್ವೆಸ್ಟರ್ ಅದನ್ನು ಕೆಡವಲು ಪಣ ತೊಡುತ್ತಾಳೆ. ಇಯನ್ ಬ್ರೆನನ್ ಎಂಬಾತ ಇಲಿನಾಯ್‌ನ ಹೈಸ್ಕೂಲೊಂದರ ಗಾಯನವೃಂದದಲ್ಲಿ ತಾನು ಕಳೆದ ದಿನಗಳನ್ನು ನೆನೆದು ಮೊದಲಿಗೆ ಚಲನಚಿತ್ರಕ್ಕೆಂದು ಬರೆದಿದ್ದ ಈ ಕಥೆಯನ್ನು, ರಯನ್ ಮರ್ಫಿ ಮತ್ತು ಬ್ರ್ಯಾಡ್ ಫಾಲ್ಚಕ್ ಎಂಬಿಬ್ಬರು ಅವನೊಡನೆ ಕೂಡಿ ಧಾರಾವಾಹಿಯಾಗಿ ಮಾರ್ಪಡಿಸಿದರು. ಅಮೆರಿಕದ ವಿದ್ಯಾಸಂಸ್ಥೆಗಳಲ್ಲಿ ಇಂತಹ ವೃಂದಗಳ ಪರಂಪರೆ ದೀರ್ಘವಾದದ್ದು; ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೃಂದ ಸ್ಥಾಪನೆಯಾದದ್ದು 1858ರಲ್ಲಿ. ಆದುದರಿಂದ ಈ ಕಥೆಯನ್ನು ನೋಡಿದ ಎಷ್ಟೋ ಜನ ಅಮೆರಿಕನ್ನರಿಗೆ ಅದು ತಾವೇ ಒಂದು ಕಾಲದಲ್ಲಿ ನಿಂತು ಹಾಡಿದ, ಅಥವಾ ಹಾಡಬೇಕೆಂದಿದ್ದು ನಾಚಿ ಹಿಂದೆಗೆದ, ಕೋಣೆಯ ಕಥೆಯಾಗಿದ್ದಿತು.

ಪ್ರೇಕ್ಷಕರಲ್ಲಿ ಎದ್ದ ಮೊದಲನೆಯ ಭಿನ್ನಾಭಿಪ್ರಾಯ ಹಾಡಿನದೇ. ಮಾತನಾಡುತ್ತಿದ್ದ ಪಾತ್ರ ಏಕೆ ಇದ್ದಕ್ಕಿದ್ದಂತೆ ಹಾಡಬೇಕು, ವಾದ್ಯಗಳು ಎಲ್ಲಿಂದ ಬಂದವು, ನಿನ್ನೆ ಆರಿಸಿಕೊಂಡ ಹಾಡನ್ನು ಇಂದು ಅಭ್ಯಾಸವೇ ಇಲ್ಲದೆ ತಪ್ಪಿಲ್ಲದಂತೆ ಹಾಡುವುದು ಹೇಗೆ ಎಂಬ ಪ್ರಶ್ನೆಗಳು ಅಲ್ಲಿನ ಹಲವರನ್ನು ಕಾಡಿದವು. ನಮ್ಮ ಕಡೆಯವರಿಗೆ ಈ ಪ್ರಶ್ನೆ ಹುಟ್ಟುವುದೇ ಅಪರೂಪ. ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿ ಬೆಳೆದ ತಲೆಮಾರು, ಸಾಯುತ್ತಿರುವ ನಾಯಕ ಕಂದಪದ್ಯವನ್ನು ರಾಗವಾಗಿ ಎತ್ತಿದಾಗ ಅದನ್ನು ಅಸಹಜವೆಂದು ಎಣಿಸಲಿಲ್ಲ. ‘ಒನ್ಸ್ ಮೋರ್’ ಎಂದು ಕೂಗಿ ಅವನನ್ನು ಮತ್ತೊಮ್ಮೆ ಹಾಡಿಸಿತು. ದುಃಖವಾಗಲಿ ಶೃಂಗಾರವಾಗಲಿ ಒಂದು ಮಟ್ಟವನ್ನು ಮೀರಿದಾಗ ಮಾತು ಸಾಲದೆ ಹಾಡಾಗುತ್ತದೆಂಬ ಒಪ್ಪಂದ ನಮ್ಮ ರಂಗಭೂಮಿಯಲ್ಲಿಯೂ ಯಕ್ಷಗಾನದಲ್ಲಿಯೂ ಅನಾದಿಯಾಗಿ ನಡೆದುಬಂದದ್ದು. ಬ್ರಾಡ್‌ವೇ ರಂಗಭೂಮಿಯ ಪರಿಚಯವುಳ್ಳ ಅಮೆರಿಕನ್ನರೂ ಈ ಒಪ್ಪಂದವನ್ನು ಬಲ್ಲರು. ಮನೆಯ ದೂರದರ್ಶನದ ಪೆಟ್ಟಿಗೆಯಲ್ಲಿ, ಅದೂ ವಾರ ವಾರವೂ, ಅದನ್ನು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಅವರಿಗೆ ಇರಲಿಲ್ಲ. ನಾಲ್ಕಾರು ಕಂತುಗಳಲ್ಲಿ ಬಹುಮಂದಿಗೆ ಅದು ಒಗ್ಗಿತು. ಒಗ್ಗದವರು ಬಿಟ್ಟು ನಡೆದರು.

ಹಾಡಿನ ಬಗೆಗೇ ಮತ್ತೊಂದು ಆಕ್ಷೇಪ ಕೊನೆಯವರೆಗೂ ಉಳಿಯಿತು, ಮತ್ತು ಅದು ಸಾಧಾರವಾದದ್ದು. ಇಲ್ಲಿನ ನಟರು ಪರರ ಕಂಠಕ್ಕೆ ತುಟಿಯಾಡಿಸಿದವರಲ್ಲ. ರೇಚಲ್ ಬೆರಿಯ ಪಾತ್ರ ವಹಿಸಿದ ಲೀ ಮಿಶೆಲ್ ಬಾಲ್ಯದಿಂದಲೇ ಬ್ರಾಡ್‌ವೇಯಲ್ಲಿ ಹಾಡಿದವಳು, ಅಧ್ಯಾಪಕನ ಪಾತ್ರದ ಮ್ಯಾಥ್ಯೂ ಮಾರಿಸನ್ ಕೂಡ ಅಲ್ಲಿಯೇ ಹೆಸರು ಮಾಡಿದವನು, ಮರ್ಸೇಡಿಸ್ ಪಾತ್ರದ ಆಂಬರ್ ರೈಲಿಯ ಕಂಠವಂತೂ ದೈವದತ್ತವಾದದ್ದು. ಹೀಗಿರುತ್ತ ಸ್ಟುಡಿಯೋದಲ್ಲಿ ಮುಂಚಿತವಾಗಿ ಮುದ್ರಿಸಿಕೊಂಡ ಆ ಕಂಠಗಳನ್ನು ಯಂತ್ರದಿಂದ ತಿದ್ದಿ, ತೀಡಿ, ಒಂದು ಉಸಿರೂ ಒಂದು ಬಿರುಕೂ ಕೇಳಿಸದಂತೆ ನುಣುಪುಗೊಳಿಸಿದುದೇಕೆ ಎಂದು ಪ್ರೇಕ್ಷಕರು ಕೇಳಿದರು. ಹದಿನಾರರ ಹುಡುಗನೊಬ್ಬ ಭಯದಿಂದ ನಡುಗುತ್ತ ಮೊದಲ ಸಲ ಎಲ್ಲರೆದುರು ಹಾಡುತ್ತಾನೆಂದು ಕಥೆ ಹೇಳುತ್ತಿರುವಾಗ, ಕೇಳಿಬರುವ ಧ್ವನಿಯಲ್ಲಿ ನಡುಕವೇ ಇಲ್ಲದಿದ್ದರೆ ಭಾವವೂ ನಂಬಿಕೆಯೂ ಒಟ್ಟಿಗೆ ಕೆಡುತ್ತವೆ. ಹಿನ್ನೆಲೆ ಗಾಯನದ ಚಲನಚಿತ್ರಗಳಲ್ಲಿ ಪಳಗಿದ ನಮ್ಮ ಕಿವಿಗೂ ಇದು ತಿಳಿಯುತ್ತದೆ.

ಆದರೂ ಆ ಹಾಡುಗಳು ಜನರನ್ನು ಗೆದ್ದವು. ಇವುಗಳಲ್ಲಿ ಬಹುತೇಕ ಧಾರಾವಾಹಿಗೆಂದೇ ರಚಿತವಾದವಲ್ಲ, ಮೊದಲೇ ಪ್ರಸಿದ್ಧವಾಗಿದ್ದವು. ಬ್ರಾಡ್‌ವೇ, ರಾಕ್, ಹಿಪ್‌ಹಾಪ್, ಡಿಸ್ಕೋ ಎಂಬ ಭೇದವಿಲ್ಲದೆ ಆಯ್ದವು. ಮೊದಲ ಕಂತಿನ ಕೊನೆಯಲ್ಲಿ ಆರು ಮಕ್ಕಳು ಕೆಂಪು ಅಂಗಿ ತೊಟ್ಟು, ಖಾಲಿ ಸಭಾಂಗಣದಲ್ಲಿ, ಜರ್ನಿ ತಂಡದ 1981ರ ‘ಡೋಂಟ್ ಸ್ಟಾಪ್ ಬಿಲೀವಿನ್’ ಹಾಡುತ್ತಾರೆ. ಮೂಲದ ಹಾಡು ತನ್ನ ಕಾಲದಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನದವರೆಗೆ ಏರಿದ್ದಿತು; ಈ ಮಕ್ಕಳು ಹಾಡಿದುದು ನಾಲ್ಕನೆಯ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೆ ಮುಟ್ಟಿತು. ತಂದೆತಾಯಿಗಳು ತಮ್ಮ ಯೌವನದ ಗೀತೆಗಳನ್ನು ಮಕ್ಕಳ ಬಾಯಲ್ಲಿ ಕೇಳಿದರು, ಮಕ್ಕಳು ಹಳೆಯ ಗೀತೆಗಳನ್ನು ಹೊಸವೆಂಬಂತೆ ಕಲಿತರು. ಬಿಲ್‌ಬೋರ್ಡ್ ಪತ್ರಿಕೆಯ ನೂರು ಗೀತೆಗಳ ಪಟ್ಟಿಯಲ್ಲಿ ಎಲ್ವಿಸ್ ಪ್ರೆಸ್ಲಿಯ 108 ಗೀತೆಗಳ ದಾಖಲೆಯನ್ನು 2011ರ ಫೆಬ್ರವರಿಯಲ್ಲಿ ಈ ವೃಂದ ದಾಟಿತು. ಕಡೆಗೆ ನಿಂತದ್ದು 207ಕ್ಕೆ. ಇವುಗಳಲ್ಲಿ ಹೆಚ್ಚಿನವು ಒಂದೇ ವಾರ ಪಟ್ಟಿಯಲ್ಲಿದ್ದು ಮರೆಯಾದುವೆಂಬುದನ್ನು ಎತ್ತಿ ತೋರಿಸಿ, ಪ್ರೆಸ್ಲಿಯೊಡನೆ ಹೋಲಿಸುವುದು ತರವಲ್ಲವೆಂದ ಸಂಗೀತಪ್ರಿಯರ ಮಾತಿನಲ್ಲಿ ಸತ್ಯವಿದೆ. 2013ರ ಜನವರಿಯಲ್ಲಿ ಜೊನಾಥನ್ ಕೋಲ್ಟನ್ ಎಂಬ ಗಾಯಕ, ಹಳೆಯ ರ್‍ಯಾಪ್ ಗೀತೆಯೊಂದಕ್ಕೆ ತಾನು ಹೊಸದಾಗಿ ಕೂಡಿಸಿದ್ದ ಸ್ವರಸಂಯೋಜನೆಯನ್ನು ಈ ಧಾರಾವಾಹಿ ತನ್ನ ಹೆಸರನ್ನೂ ಹೇಳದೆ ಬಳಸಿಕೊಂಡಿತೆಂದು ದೂರಿದಾಗ, ಅವನ ಪರವಾಗಿ ನಿಂತವರಲ್ಲಿ ‘ಗ್ಲೀ’ಯ ಅಭಿಮಾನಿಗಳೂ ಇದ್ದರು. ಬಲಿಷ್ಠರು ದುರ್ಬಲರ ಪಾಲನ್ನು ಕಸಿಯಬಾರದೆಂದು ವಾರ ವಾರವೂ ಹಾಡಿ ಹೇಳುವ ಕಥೆ, ಸಣ್ಣ ಕಲಾವಿದನೊಬ್ಬನಿಗೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸದೆ ಹೋದರೆ ಹೇಗೆ ಎಂಬುದು ಅವರ ವಾದ.

ಆ ವಾದದ ಧಾಟಿಯನ್ನು ಲಕ್ಷ್ಯವಿಟ್ಟು ನೋಡಬೇಕು. ಪ್ರೇಕ್ಷಕರ ಅಭಿಪ್ರಾಯಗಳೆಲ್ಲದರ ಮೂಲ ಅಲ್ಲಿಯೇ ಇರುವುದು. ಈ ಧಾರಾವಾಹಿ ಮೊದಲ ಕಂತಿನಲ್ಲಿಯೇ ಒಂದು ಮಾತು ಕೊಟ್ಟಿತು: ಬೇರೆ ಕಥೆಗಳಲ್ಲಿ ಮೂಲೆಯಲ್ಲಿ ನಿಲ್ಲಿಸಲ್ಪಡುವವರು ಇಲ್ಲಿ ನಡುವೆ ನಿಲ್ಲುವರು, ದಪ್ಪ ಮೈಯವರು, ಕಪ್ಪು ಮೈಯವರು, ಗಾಲಿಕುರ್ಚಿಯಲ್ಲಿರುವವರು, ತೊದಲುವವರು, ಹುಡುಗರನ್ನೇ ಪ್ರೀತಿಸುವ ಹುಡುಗರು, ಯಾರಿಗೂ ಬೇಡವಾದ ಮಹತ್ವಾಕಾಂಕ್ಷೆಯ ಹುಡುಗಿಯರು, ಎಲ್ಲರೂ. ಆ ಮಾತನ್ನು ಪ್ರೇಕ್ಷಕರು ನಂಬಿದರು. ನಂಬಿದ ಮೇಲೆ ಅವರು ಹೊರಗೆ ಕುಳಿತು ನೋಡುವವರಾಗಿ ಉಳಿಯಲಿಲ್ಲ. ಎಲ್ಲರನ್ನೂ ಒಂದೇ ಪಂಕ್ತಿಗೆ ಕರೆದು ಕೂರಿಸಿದ ಮೇಲೆ ಒಬ್ಬರ ಎಲೆಗೆ ತುಪ್ಪವನ್ನೂ ಮತ್ತೊಬ್ಬರ ಎಲೆಗೆ ಬರಿಯ ಅನ್ನವನ್ನೂ ಬಡಿಸಿದರೆ ಉಣ್ಣುವವರಿಗೆ ಹೇಗೆ ನೋಯುವುದೋ ಹಾಗೆ, ಕಥೆಯಲ್ಲಿ ತಮ್ಮಂಥವರ ಪಾತ್ರಕ್ಕೆ ಪಂಕ್ತಿಭೇದವಾದಾಗಲೆಲ್ಲ ಅವರು ನೊಂದುಕೊಂಡರು, ನೊಂದುದನ್ನು ಹೇಳಿದರು.

ಕೊಟ್ಟ ಮಾತನ್ನು ಧಾರಾವಾಹಿ ಸಂಪೂರ್ಣವಾಗಿ ಉಳಿಸಿಕೊಂಡದ್ದು ಕರ್ಟ್ ಹಮ್ಮೆಲ್ ಎಂಬ ಹುಡುಗನ ವಿಷಯದಲ್ಲಿ ಎಂಬುದನ್ನು ಅದರ ಕಡುವೈರಿಗಳೂ ಅಲ್ಲಗಳೆಯಲಾರರು. ಕ್ರಿಸ್ ಕೋಲ್ಫರ್ ಎಂಬ ಹೊಸ ನಟ ಬೇರೊಂದು ಪಾತ್ರಕ್ಕೆಂದು ಪರೀಕ್ಷೆ ಕೊಟ್ಟಾಗ, ಅವನನ್ನು ಕಂಡು ಮೆಚ್ಚಿ ಅವನಿಗೆಂದೇ ಸೃಷ್ಟಿಸಿದ ಪಾತ್ರವಿದು. ತಾಯಿಯಿಲ್ಲದ ಹುಡುಗ, ಉಡುಪಿನಲ್ಲಿ, ನಡಿಗೆಯಲ್ಲಿ, ಗಂಡುಮಕ್ಕಳಿಗೆ ದುರ್ಲಭವಾದ ಎತ್ತರದ ಸ್ಥಾಯಿಯಲ್ಲಿ ಹಾಡುವ ಕಂಠದಲ್ಲಿ, ತನ್ನ ಭಿನ್ನತೆಯನ್ನು ಮುಚ್ಚಿಡಲಾರದವನು. ತಂದೆ ಬರ್ಟ್ ಮೋಟಾರು ರಿಪೇರಿಯ ಅಂಗಡಿಯವನು; ತಲೆಯ ಮೇಲಿನ ಟೋಪಿಯನ್ನು ತೆಗೆಯದ, ಫುಟ್‌ಬಾಲ್ ಬಿಟ್ಟರೆ ಬೇರೆ ವಿನೋದವನ್ನರಿಯದ, ಮಿತಭಾಷಿಯಾದ ಶ್ರಮಜೀವಿ. 2009ರ ಸೆಪ್ಟೆಂಬರಿನ ಕಂತೊಂದರಲ್ಲಿ, ತಂದೆಯನ್ನು ಮೆಚ್ಚಿಸಲೆಂದು ಫುಟ್‌ಬಾಲ್ ತಂಡವನ್ನು ಸೇರಿದ ಕರ್ಟ್, ಮೈದಾನದ ನಡುವೆ ಬಿಯಾನ್ಸೆಯ ಹಾಡಿಗೆ ಇಡೀ ತಂಡವನ್ನೇ ಕುಣಿಸಿ, ಆಮೇಲೆ ಚೆಂಡನ್ನು ಒದ್ದು ಪಂದ್ಯವನ್ನು ಗೆಲ್ಲಿಸುತ್ತಾನೆ. ಪ್ರೇಕ್ಷಕರು ನಕ್ಕರು. ಆದರೆ ಅವರು ವರ್ಷಗಟ್ಟಲೆ ನೆನೆದದ್ದು ಅದರ ಮುಂದಿನ ದೃಶ್ಯವನ್ನು. ರಾತ್ರಿ ತನ್ನ ಕೋಣೆಯಲ್ಲಿ ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಲೇಪ ಹಚ್ಚಿಕೊಳ್ಳುತ್ತಿರುವ ಮಗನ ಬಳಿಗೆ ತಂದೆ ಬಂದು ನಿಲ್ಲುತ್ತಾನೆ. ಮಗ ಉಸಿರು ಬಿಗಿಹಿಡಿದು ತನ್ನ ಸತ್ಯವನ್ನು ಹೇಳಿಬಿಡುತ್ತಾನೆ. ತಂದೆ ತನಗೆ ಅದು ಗೊತ್ತೆನ್ನುತ್ತಾನೆ. ಮಗ ಮೂರು ವರ್ಷದವನಾಗಿದ್ದಾಗ ಹುಟ್ಟುಹಬ್ಬಕ್ಕೆ ಹಿಮ್ಮಡಿ ಎತ್ತರದ ಚಪ್ಪಲಿ ಬೇಕೆಂದು ಹಟ ಹಿಡಿದಂದಿನಿಂದಲೂ ಗೊತ್ತು. ಇದು ತನಗೆ ಅಷ್ಟೇನೂ ಹಿಡಿಸುವ ಸಂಗತಿಯಲ್ಲ, ಆದರೂ ತನ್ನ ಪ್ರೀತಿಯಲ್ಲಿ ಕೊರತೆಯಿಲ್ಲ. ಇಷ್ಟು ಹೇಳಿ ಅಪ್ಪಿಕೊಂಡು, ಹೊರಡುವಾಗ ತಿರುಗಿ, ಖಂಡಿತ ತಾನೆ ಎಂದು ಒಮ್ಮೆ ಕೇಳಿಕೊಳ್ಳುತ್ತಾನೆ.

ಈ ದೃಶ್ಯದ ಹಿರಿಮೆ ಆ ತಂದೆಯ ಅಪೂರ್ಣತೆಯಲ್ಲಿದೆ. ಅವನು ಸುಧಾರಕನಲ್ಲ, ಪುಸ್ತಕ ಓದಿ ಉದಾರಿಯಾದವನಲ್ಲ. ಮಗನನ್ನು ಅರ್ಥಮಾಡಿಕೊಳ್ಳಲು ಅವನಿಗೆ ಕಷ್ಟವಾಗುತ್ತದೆ, ಆ ಕಷ್ಟವನ್ನು ಅವನು ಬಚ್ಚಿಡುವುದಿಲ್ಲ, ಮತ್ತು ಆ ಕಷ್ಟದ ನಡುವೆಯೇ ಮಗನ ಪಕ್ಕದಲ್ಲಿ ನಿಲ್ಲುತ್ತಾನೆ. ಮರುವರ್ಷದ ಮೇ ತಿಂಗಳಿನ ಕಂತಿನಲ್ಲಿ, ತನ್ನ ಮನೆಯಲ್ಲಿಯೇ ಬಂದು ಉಳಿದಿರುವ ಫಿನ್ ಎಂಬ ಹುಡುಗ ಕರ್ಟ್‌ನ ವಸ್ತುಗಳನ್ನು ಕುರಿತು ಒಂದು ಹೀನವಾದ ಬೈಗುಳವನ್ನು ಆಡಿದಾಗ, ಬರ್ಟ್ ಅವನನ್ನು ತಡೆದು ನಿಲ್ಲಿಸಿ ತರಾಟೆಗೆ ತೆಗೆದುಕೊಳ್ಳುವ ದೃಶ್ಯ ಇದಕ್ಕಿಂತಲೂ ಕಠಿನವಾದದ್ದು. ಫಿನ್‌ನ ತಾಯಿಯನ್ನು ತಾನು ಪ್ರೀತಿಸಿದರೂ ಮಗನ ಮಾನಕ್ಕಾಗಿ ಆ ಸುಖವನ್ನೂ ಪಣಕ್ಕಿಡಲು ಅವನು ಹಿಂಜರಿಯುವುದಿಲ್ಲ. ಮೈಕ್ ಓಮಾಲಿ ಎಂಬ ನಟ ಈ ತಂದೆಯನ್ನು ಅಭಿನಯಿಸಿದ ರೀತಿಯನ್ನು ಕಂಡು, ತಮ್ಮ ಮನೆಯಲ್ಲಿ ಆಡಲಾಗದಿದ್ದ ಮಾತನ್ನು ಆಡಲು ತಮಗೆ ಧೈರ್ಯ ಬಂದಿತೆಂದು ತರುಣರೂ, ಕೇಳಿಸಿಕೊಳ್ಳುವ ಬಗೆಯನ್ನು ಕಲಿತೆವೆಂದು ತಂದೆತಾಯಿಗಳೂ ಹೇಳಿದರು. ಪ್ರಶಸ್ತಿಗಳು ಬಹಳ ಬಂದವು: 2009ರ ಪೀಬಡಿ, ಎರಡು ವರ್ಷ ಸತತವಾಗಿ ಗೋಲ್ಡನ್ ಗ್ಲೋಬ್, ಸೂ ಸಿಲ್ವೆಸ್ಟರ್ ಪಾತ್ರಕ್ಕಾಗಿ ಜೇನ್ ಲಿಂಚ್‌ಗೆ ಎಮ್ಮಿ, ಕೋಲ್ಫರ್‌ಗೂ ಗೋಲ್ಡನ್ ಗ್ಲೋಬ್. ಮನೆಮನೆಗಳಲ್ಲಿ ನಡೆದ ಆ ಸಂಭಾಷಣೆಗಳು ಇವೆಲ್ಲಕ್ಕೂ ಮಿಗಿಲಾದ ಪ್ರಶಸ್ತಿಯೆಂದು ನಾನು ಭಾವಿಸುತ್ತೇನೆ.

ಮಾತು ಅರ್ಧ ಉಳಿದು ಅರ್ಧ ತಪ್ಪಿದ್ದಕ್ಕೆ ನಿದರ್ಶನ ಆರ್ಟಿ ಎಂಬ ಹುಡುಗನ ಪಾತ್ರ. ಅವನು ಗಾಲಿಕುರ್ಚಿಯಲ್ಲಿ ಕುಳಿತೇ ಹಾಡುವವನು; ಆ ಪಾತ್ರವನ್ನು ವಹಿಸಿದ ಕೆವಿನ್ ಮೆಕ್‌ಹೇಲ್ ನಡೆಯಬಲ್ಲವನು, ಚೆನ್ನಾಗಿ ಕುಣಿಯಬಲ್ಲವನು. 2009ರ ನವೆಂಬರಿನಲ್ಲಿ ‘ವೀಲ್ಸ್’ ಎಂಬ ಕಂತು ಪ್ರಸಾರವಾದಾಗ ಅಂಗವಿಕಲ ಕಲಾವಿದರೂ ಪ್ರೇಕ್ಷಕರೂ ಎತ್ತಿದ ಪ್ರಶ್ನೆ ಸರಳವಾಗಿದ್ದಿತು: ನಮ್ಮ ಕಥೆಯನ್ನು ಹೇಳುವಾಗಲೂ ನಮಗೆ ಅವಕಾಶವಿಲ್ಲವೆಂದರೆ ಇನ್ನಾವಾಗ? ಅದೇ ಕಂತಿನಲ್ಲಿ ವೃಂದದ ಮಕ್ಕಳೆಲ್ಲರೂ ಗಾಲಿಕುರ್ಚಿಗಳಲ್ಲಿ ಕುಳಿತು ‘ಪ್ರೌಡ್ ಮೇರಿ’ ಹಾಡಿದುದನ್ನು ಕೆಲವರು ಸಹಾನುಭೂತಿಯ ಪರಾಕಾಷ್ಠೆಯೆಂದೂ ಕೆಲವರು ಒಂದು ವಾರದ ವೇಷವೆಂದೂ ಕಂಡರು. ಮುಂದೆ ಆರ್ಟಿ ತಾನು ಕುರ್ಚಿಯಿಂದೆದ್ದು ಅಂಗಡಿಗಳ ಸಂಕೀರ್ಣವೊಂದರಲ್ಲಿ ಕುಣಿದಂತೆ ಕನಸು ಕಂಡ ಕಂತಿನಲ್ಲಿಯೂ ಈ ವಾದ ಮರುಕಳಿಸಿತು. ಕುರ್ಚಿಯಲ್ಲಿರುವವರ ಕನಸೆಂದರೆ ಎದ್ದು ನಡೆಯುವುದೊಂದೇ ಎಂದು ನಡೆಯಬಲ್ಲವರು ತಿಳಿದಿರುವುದೇ ತಪ್ಪೆಂದು ಹಲವರು ಹೇಳಿದ ಮಾತು ನನ್ನ ಮನಸ್ಸಿಗೆ ಸರಿಯಾಗಿ ತಟ್ಟಿತು. ಶ್ರವಣದೋಷವುಳ್ಳ ಮಕ್ಕಳ ವೃಂದವೊಂದು ಕೈಸನ್ನೆಯಲ್ಲಿ ‘ಇಮ್ಯಾಜಿನ್’ ಹಾಡುತ್ತಿರುವಾಗ ನ್ಯೂ ಡೈರೆಕ್ಷನ್ಸ್ ಮಕ್ಕಳು ಎದ್ದು ಹೋಗಿ ತಮ್ಮ ಸುಸ್ವರವನ್ನು ಅದರೊಡನೆ ಕೂಡಿಸಿದುದನ್ನೂ ಹೀಗೆಯೇ ಒಂದು ಪಕ್ಷ ಕಣ್ಣೀರಿನಿಂದ ಮೆಚ್ಚಿತು, ಒಂದು ಪಕ್ಷ ಅದು ಅವರ ಹಾಡನ್ನು ಕಸಿದುಕೊಂಡಂತೆ ಎಂದಿತು.

ಅದೇ ‘ವೀಲ್ಸ್’ ಕಂತಿನಲ್ಲಿ, ಆದರೆ, ಯಾರೂ ಆಕ್ಷೇಪಿಸಲಾರದ ಸಂಗತಿಯೊಂದಿದೆ. ನಿರ್ದಯಳೆಂದು ಪ್ರಸಿದ್ಧಳಾದ ಸೂ ಸಿಲ್ವೆಸ್ಟರ್, ಡೌನ್ ಸಿಂಡ್ರೋಮ್ ಇರುವ ಬೆಕಿ ಎಂಬ ಹುಡುಗಿಯನ್ನು ತನ್ನ ತಂಡಕ್ಕೆ ಆರಿಸಿಕೊಂಡು, ಉಳಿದವರನ್ನು ಎಷ್ಟು ಕಠೋರವಾಗಿ ದುಡಿಸುವಳೋ ಅವಳನ್ನೂ ಅಷ್ಟೇ ಕಠೋರವಾಗಿ ದುಡಿಸುತ್ತಾಳೆ. ಇದರಲ್ಲಿ ಏನೋ ಕುತಂತ್ರವಿದೆಯೆಂದು ಶೂಸ್ಟರ್ ಸಂಶಯಪಡುತ್ತಾನೆ. ಕಂತಿನ ಕೊನೆಗೆ ಸೂ ಒಂದು ಆರೈಕೆಯ ಮನೆಗೆ ಹೋಗಿ, ಅದೇ ಸಿಂಡ್ರೋಮ್ ಇರುವ ತನ್ನ ಅಕ್ಕನ ಬಳಿ ಕುಳಿತು, ಮಕ್ಕಳ ಕಥೆಯ ಪುಸ್ತಕವನ್ನು ಓದಿ ಹೇಳುತ್ತಾಳೆ. ಬೆಕಿಯ ಪಾತ್ರವನ್ನು ಮಾಡಿದ ಲಾರೆನ್ ಪಾಟರ್, ಆ ಸ್ಥಿತಿಯೊಡನೆಯೇ ಬದುಕುತ್ತಿರುವ ನಟಿ. 2011ರಲ್ಲಿ ಅಧ್ಯಕ್ಷ ಒಬಾಮಾ ಆಕೆಯನ್ನು ಬೌದ್ಧಿಕ ನ್ಯೂನತೆಯುಳ್ಳವರ ಹಿತಕ್ಕಾಗಿ ಇರುವ ಅಧ್ಯಕ್ಷೀಯ ಸಮಿತಿಗೆ ನೇಮಿಸಿದರು. ಆರ್ಟಿಯ ವಿಷಯದಲ್ಲಿ ಪ್ರೇಕ್ಷಕರು ಕೇಳಿದುದು ಅಸಾಧ್ಯವಾದದ್ದಲ್ಲವೆಂಬುದಕ್ಕೆ ಬೆಕಿಯ ಪಾತ್ರವೇ ಉತ್ತರವಾಗಿದ್ದಿತು.

ಮರ್ಸೇಡಿಸ್‌ಳ ಅಭಿಮಾನಿಗಳ ದೂರು ಇನ್ನೂ ತೀಕ್ಷ್ಣವಾದದ್ದು. ಹಾಡಿನ ಕೊನೆಯಲ್ಲಿ ಛಾವಣಿ ಹಾರಿಸುವಂಥ ಒಂದು ತಾರಸ್ಥಾಯಿಯ ಸ್ವರ ಬೇಕಾದಾಗ ಕಪ್ಪು ಹುಡುಗಿ ಬೇಕು. ಪೂರ್ತಿ ಹಾಡು, ಪ್ರೇಮ, ಮಹತ್ವಾಕಾಂಕ್ಷೆ ಇವೆಲ್ಲ ಮಾತ್ರ ರೇಚಲ್‌ಳ ಪಾಲಿಗೆ ಎಂದು ಅವರು ಮೊದಲ ವರ್ಷದಿಂದಲೇ ಗೊಣಗುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಕಥೆಗಾರರು ಆ ದೂರನ್ನೇ ಮರ್ಸೇಡಿಸ್‌ಳ ಬಾಯಲ್ಲಿ ಇಟ್ಟು, ಅವಳು ವೃಂದವನ್ನು ಬಿಟ್ಟು ಎದುರಾಳಿ ವೃಂದವನ್ನು ಸೇರುವಂತೆ ಮಾಡಿದರು. ದೂರು ಕೇಳಿಸಿದೆಯೆಂದು ಒಪ್ಪಿಕೊಳ್ಳುವುದು ಬೇರೆ, ಅದನ್ನು ನಿವಾರಿಸುವುದು ಬೇರೆ. ಕೆಲವೇ ಕಂತುಗಳ ಅನಂತರ ಎಲ್ಲವೂ ಮೊದಲಿನಂತೆಯೇ ನಡೆಯಿತು.

ಆ ಎದುರಾಳಿ ವೃಂದ 2011ರ ನವೆಂಬರ್ 15ರ ಕಂತಿನಲ್ಲಿ ಅಡೆಲ್‌ಳ ಎರಡು ಗೀತೆಗಳನ್ನು ಹೆಣೆದು ಹಾಡಿದುದು ಈ ಧಾರಾವಾಹಿಯ ಮುನ್ನೂರನೆಯ ಸಂಗೀತ ಪ್ರದರ್ಶನ. ಶ್ರೇಷ್ಠವಾದವುಗಳಲ್ಲಿ ಒಂದೆಂದು ಇಂದಿಗೂ ಪ್ರೇಕ್ಷಕರು ಎಣಿಸುವುದು. ಅತ್ಯಂತ ಕಟುವಾದ ಕೋಪಕ್ಕೆ ಗುರಿಯಾದ ಕಥೆ ಮೊದಲಾದುದೂ ಅದೇ ಕಂತಿನಲ್ಲಿ. ಸಾಂಟಾನಾ ಎಂಬ ಹುಡುಗಿ ತನ್ನ ಗೆಳತಿ ಬ್ರಿಟನಿಯನ್ನು ಪ್ರೀತಿಸುವ ಸಂಗತಿಯನ್ನು ಯಾರಿಗೂ ಹೇಳದೆ ಕಾಪಾಡಿಕೊಂಡಿರುತ್ತಾಳೆ. ಮೊದಲಿಗೆ ಹಾಸ್ಯದ ಒಂದೆರಡು ಮಾತುಗಳಲ್ಲಿ ಮುಗಿಯಬೇಕಾಗಿದ್ದ ಈ ಪ್ರೀತಿ ಗಂಭೀರ ಕಥೆಯಾಗಿ ಬೆಳೆದುದಕ್ಕೆ ಪ್ರೇಕ್ಷಕರ ಒತ್ತಾಯವೂ ಕಾರಣ. ಹಜಾರದಲ್ಲಿ ಜಗಳವಾಡುವಾಗ ಫಿನ್ ಎಲ್ಲರಿಗೆ ಕೇಳುವಂತೆ ಅದನ್ನು ಬಯಲುಮಾಡುತ್ತಾನೆ, ಅದು ಊರಿನ ಚುನಾವಣೆಯ ಜಾಹೀರಾತಿಗೂ ವಸ್ತುವಾಗುತ್ತದೆ. ಆ ಸುದ್ದಿ ತಿಳಿದ ಕ್ಷಣದಲ್ಲಿಯೇ ಸಾಂಟಾನಾ ವೇದಿಕೆಯೇರಿ ಹಾಡಬೇಕು. ನಯಾ ರಿವೇರಾ ಎಂಬ ನಟಿ ಆ ಹಾಡಿನುದ್ದಕ್ಕೂ ಮುಖದಲ್ಲಿ ತಡೆಹಿಡಿದ ಸಂಕಟವನ್ನು ನೋಡಿದವರು ಮರೆಯಲಾರರು. ಹಾಡು ಮುಗಿಯುತ್ತಲೇ ಅವಳು ಇಳಿದುಬಂದು ಫಿನ್‌ನ ಕೆನ್ನೆಗೆ ಬಾರಿಸುತ್ತಾಳೆ. ಅಲ್ಲಿಯವರೆಗೆ ಕಥೆ ನ್ಯಾಯವಾದ ಹಾದಿಯಲ್ಲಿಯೇ ಇದ್ದಿತು. ಮುಂದಿನ ಕಂತಿನಲ್ಲಿ ಮಾತ್ರ, ಗುಟ್ಟನ್ನು ಒಡೆದ ಫಿನ್‌ನೇ ಅವಳನ್ನು ಉದ್ಧರಿಸುವ ಹಿತೈಷಿಯಾಗಿ ಚಿತ್ರಿತನಾದಾಗ ಪ್ರೇಕ್ಷಕರು ಸಹಿಸಲಿಲ್ಲ. ಒಬ್ಬರ ಅಂತರಂಗದ ಸತ್ಯವನ್ನು ಹೇಳುವ ಅಧಿಕಾರ ಅವರಿಗಲ್ಲದೆ ಬೇರಾರಿಗೂ ಇಲ್ಲವೆಂದು ಹರೆಯದವರು ಅಂದು ವಾದಿಸಿದ ರೀತಿಯಲ್ಲಿ, ಕಥೆಯನ್ನು ಬರೆದವರಿಗಿಂತಲೂ ಹೆಚ್ಚಿನ ವಿವೇಕವಿದ್ದಿತು.

ಹಿರಿಯರ ಆಕ್ಷೇಪಗಳು ಬೇರೆ ಬಗೆಯವು. ಹರೆಯದವರ ಪ್ರಥಮ ಸಮಾಗಮವನ್ನು ವಸ್ತುವಾಗಿಸಿಕೊಂಡ 2011ರ ಕಂತನ್ನು ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಎಂಬ ಸಂಸ್ಥೆ ಖಂಡಿಸಿತು. ಆ ಕಂತು ತನ್ನ ವಸ್ತುವನ್ನು ಸಂಯಮದಿಂದಲೇ ನಿರ್ವಹಿಸಿದೆಯೆಂಬುದು ನನ್ನ ಅಭಿಪ್ರಾಯ. ನ್ಯೂಟೌನ್ ಎಂಬ ಊರಿನ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಗುಂಡಿಗೆ ಬಲಿಯಾಗಿ ನಾಲ್ಕು ತಿಂಗಳೂ ತುಂಬಿರದಿದ್ದಾಗ, 2013ರ ಏಪ್ರಿಲಿನಲ್ಲಿ, ಶಾಲೆಯೊಳಗೆ ಗುಂಡಿನ ಸದ್ದು ಕೇಳಿಬರುವ ಕಂತನ್ನು ಪ್ರಸಾರಮಾಡಿದುದು ಮಾತ್ರ ಸಮರ್ಥನೀಯವಲ್ಲ; ಆ ಬಂದೂಕನ್ನು ತಂದವಳು ಬೆಕಿಯೆಂದು ಕಲ್ಪಿಸಿದುದು ಇನ್ನೂ ದೊಡ್ಡ ಅನ್ಯಾಯ.

ಸಂಗೀತ ಶಿಕ್ಷಕರ ಅಭಿಪ್ರಾಯಕ್ಕೆ ವಿಶೇಷ ಬೆಲೆಯಿದೆ. ಶ್ರುತಿ ಸೇರಿಸುವುದು, ಒಂದೇ ಸಾಲನ್ನು ಇಪ್ಪತ್ತು ಸಲ ಹಾಡಿಸುವುದು, ಉಸಿರನ್ನು ಪಳಗಿಸುವುದು ಎಂಬ ನಿತ್ಯದ ದುಡಿಮೆ ಇಲ್ಲಿ ಕಾಣುವುದೇ ಇಲ್ಲವೆಂದು ಅವರು ಹೇಳಿದರು. ಪಿಯಾನೋ ನುಡಿಸುವ ಬ್ರ್ಯಾಡ್ ಎಂಬಾತ ಕರೆದೊಡನೆ ಪ್ರತ್ಯಕ್ಷನಾಗಿ, ಯಾವ ಹಾಡನ್ನಾದರೂ ಯಾವ ಶ್ರುತಿಯಲ್ಲಾದರೂ ಒಡನೆಯೇ ನುಡಿಸಿ, ವರ್ಷಗಟ್ಟಲೆ ಒಂದು ಮಾತನ್ನೂ ಆಡದೆ ಮೂಲೆಯಲ್ಲಿ ಕುಳಿತಿರುವುದನ್ನು ಉದಾಹರಿಸಿದರು. ಆದರೂ ಶಾಲೆಗಳಲ್ಲಿ ಹಣದ ಮುಗ್ಗಟ್ಟು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವ ಸಂಗೀತ ತರಗತಿಯ ಕಡೆಗೆ, ಹಾಡುವುದೆಂದರೆ ನಾಚುತ್ತಿದ್ದ ಗಂಡುಹುಡುಗರೂ ಬರತೊಡಗಿದರೆಂದು ಅವರೇ ಸಂತೋಷದಿಂದ ಹೇಳಿದರು.

ಮೂರನೆಯ ಸೀಸನ್ನಿನ ಅನಂತರ ಪ್ರೇಕ್ಷಕರು ಕಡಿಮೆಯಾಗುತ್ತ ಹೋದರು. 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಪಂದ್ಯದ ಬೆನ್ನಿಗೆ ಪ್ರಸಾರವಾದ ಕಂತನ್ನು 2 ಕೋಟಿ 68 ಲಕ್ಷ ಜನ ನೋಡಿದ್ದರು. ಕಡೆಯ ವರ್ಷದಲ್ಲಿ ಉಳಿದವರು ಅದರ ಒಂದು ಸಣ್ಣ ಅಂಶ ಮಾತ್ರ. ಮಡೋನಾ, ಬ್ರಿಟ್ನಿ ಸ್ಪಿಯರ್ಸ್ ಎಂದು ಒಬ್ಬೊಬ್ಬ ಗಾಯಕಿಗೆ ಒಂದೊಂದು ಕಂತನ್ನು ಅರ್ಪಿಸತೊಡಗಿದ ಮೇಲೆ, ಪಾತ್ರದ ಭಾವಕ್ಕೆ ತಕ್ಕ ಹಾಡನ್ನು ಹುಡುಕುವ ಬದಲು ಹಾಡಿಗೆ ತಕ್ಕಂತೆ ಪಾತ್ರವನ್ನು ಬಗ್ಗಿಸುವುದು ರೂಢಿಯಾಯಿತು. ಮೊದಲೆರಡು ಸೀಸನ್ನುಗಳ ಕಂತುಗಳೆಲ್ಲವನ್ನೂ ಬರೆದ ಆ ಮೂವರು ಕರ್ತೃಗಳ ಮನೋಧರ್ಮ ಮೂರು ತೆರನಾದುದರಿಂದ, ಒಂದೇ ಪಾತ್ರ ಒಂದು ವಾರ ಕ್ರೂರವಾಗಿಯೂ ಮರುವಾರ ಕರುಣಾಮಯಿಯಾಗಿಯೂ ಕಾಣುತ್ತಿದ್ದಿತೆಂದು ಸೂಕ್ಷ್ಮಜ್ಞರು ಗುರುತಿಸಿದ್ದುಂಟು. ಬರಬರುತ್ತ ಆ ವೈಷಮ್ಯ ಸಾಮಾನ್ಯರ ಕಣ್ಣಿಗೂ ಬಿದ್ದಿತು.

ದೂರಾದವರಲ್ಲಿ ಹಲವರು ಒಂದು ರಾತ್ರಿ ಮರಳಿ ಬಂದರು. ಫಿನ್‌ನ ಪಾತ್ರಧಾರಿ ಕೋರಿ ಮಾಂಟೀತ್ 2013ರ ಜುಲೈ 13ರಂದು ವ್ಯಾಂಕೂವರಿನ ಹೋಟೆಲಿನಲ್ಲಿ, ಹೆರಾಯಿನ್ ಮತ್ತು ಮದ್ಯದ ಸಂಮಿಶ್ರಣದಿಂದ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಕ್ಟೋಬರ್ 10ರಂದು ‘ದಿ ಕ್ವಾರ್ಟರ್‌ಬ್ಯಾಕ್’ ಎಂಬ ಕಂತಿನಲ್ಲಿ ಕಥೆಯೊಳಗಿನ ಫಿನ್‌ಗೂ ವಿದಾಯ ಹೇಳಲಾಯಿತು. ಫಿನ್ ಹೇಗೆ ಸತ್ತನೆಂಬುದನ್ನು ಆ ಕಂತು ಹೇಳುವುದಿಲ್ಲ. ಮಾದಕವಸ್ತುವಿನ ವಿಷಯವಾಗಿ ತರುಣರನ್ನು ಎಚ್ಚರಿಸುವ ಅವಕಾಶವನ್ನು ಕಳೆದುಕೊಂಡಿತೆಂದು ಕೆಲವರು ಅದನ್ನು ದೂಷಿಸಿದರು. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನಾದರೂ ಅವರ ತೀರ್ಮಾನವನ್ನು ಒಪ್ಪಲಾರೆ. ಮಗನ ಕೋಣೆಯಲ್ಲಿ ಬಟ್ಟೆಗಳನ್ನು ಬೇರ್ಪಡಿಸುತ್ತ, ಮಗು ಇಲ್ಲದಿದ್ದರೂ ತಾನು ತಾಯಿಯಾಗಿಯೇ ಬದುಕಬೇಕಲ್ಲ ಎಂದು ಕುಸಿಯುವ ತಾಯಿಯ ದೃಶ್ಯಕ್ಕೆ ಕಾರಣದ ವಿವರ ಬೇಡ. ನಿಜಜೀವನದಲ್ಲಿಯೂ ಅವನ ಸಂಗಾತಿಯಾಗಿದ್ದ ಲೀ ಮಿಶೆಲ್ ಆ ಕಂತಿನಲ್ಲಿ ಬಾಬ್ ಡಿಲನ್ನನ ಗೀತೆಯೊಂದನ್ನು ಹಾಡುತ್ತಾಳೆ. ಎದುರಿಗೆ ಕುಳಿತಿರುವ ಸಹನಟರು ಅಭಿನಯಿಸುತ್ತಿಲ್ಲವೆಂಬುದು ಯಾರಿಗಾದರೂ ತಿಳಿಯುವಂತಿದೆ. ಸಾಂಟಾನಾ ಆಗಿದ್ದ ನಯಾ ರಿವೇರಾ 2020ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ಸರೋವರದಲ್ಲಿ ಮುಳುಗಿ ಸತ್ತಾಗ, ಅಷ್ಟು ವರ್ಷಗಳ ಹಿಂದೆ ಅವಳ ಪಾತ್ರಕ್ಕಾಗಿ ವಾದಿಸಿದ್ದ ಹುಡುಗಿಯರು, ತಾವು ಯಾರೆಂಬುದನ್ನು ಮನೆಯಲ್ಲಿ ಹೇಳಿಕೊಳ್ಳುವ ಧೈರ್ಯ ಅವಳಿಂದ ಬಂದಿತೆಂದು ಬರೆದು ಅತ್ತರು.

ಈಗ ಹೊಸದಾಗಿ ನೋಡಬಯಸುವ ಓದುಗರು 2009ರ ಡಿಸೆಂಬರಿನವರೆಗಿನ ಮೊದಲ ಹದಿಮೂರು ಕಂತುಗಳನ್ನು ಬಿಡದೆ ನೋಡಲಿ. ಅವುಗಳಲ್ಲಿ ಕಥೆಯೂ ಹಾಡೂ ಒಂದನ್ನೊಂದು ಅಗಲಿಲ್ಲ. ಆಮೇಲೆ ಬರ್ಟ್ ಮತ್ತು ಕರ್ಟ್ ಕೂಡಿ ಕಾಣಿಸುವ ಕಂತುಗಳನ್ನೂ, ಅಡೆಲ್ ಗೀತೆಗಳ ಕಂತನ್ನೂ, ‘ದಿ ಕ್ವಾರ್ಟರ್‌ಬ್ಯಾಕ್’ ಕಂತನ್ನೂ ಆರಿಸಿಕೊಳ್ಳಬಹುದು. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಅವರೊಡನೆ ಕುಳಿತು ನೋಡಿ, ಮುಗಿದ ಮೇಲೆ ಅವರ ಅಭಿಪ್ರಾಯವನ್ನು ಮೊದಲು ಕೇಳಿರಿ.